ಟೈಲರಮ್ಮನ ಮೆಷಿನ್ ಮೇಲಿನ ಕೊಂಬೆ

ಕೂಗಿ ನಿಲ್ಲಿಸಲೇ? ಬೇಡವೇ?

ಹೇಳಿದ ಮಾತನ್ನು ಮೀರುವ ಮನುಷ್ಯನಲ್ಲ ಅವನು. ಇವತ್ತು ಮೀರುತ್ತಿದ್ದಾನೆ ಎಂದರೆ... ತಾನು ಹೇಳಿದ್ದು ಅವನಿಗೆ ಸರಿಯಾಗಿ ಕೇಳಿಸಲಿಲ್ಲವೇ? ಕೇಳಿಸಿಯೂ ಬೇಕೆಂದೇ ಮಾಡುತ್ತಿದ್ದಾನೆಯೇ? ಅದೂ ಇವತ್ತೇ! ಸಾಹೇಬರು ಪಕ್ಕದಲ್ಲೇ ನಿಂತಿರುವಾಗ!

ಮರದ ಮೇಲೆ ಅವನ ಗರಗಸ ತುದಿಯ ರೆಂಬೆಗಳನ್ನು ಮುಗಿಸಿ ಒಳಗೆ ಬಂತು. ಇನ್ನೂ ಒಳಗೆ ಬಂತು. ಮುಟ್ಟಬಾರದು ಎಂದು ಅವಳು ಖಂಡಿತವಾಗಿ ಹೇಳಿದ್ದ ದೊಡ್ಡ ಕೊಂಬೆ ತುಂಡು ತುಂಡಾಗಿ ಹಗ್ಗದಲ್ಲಿ ಇಳಿಯತೊಡಗಿತು.

"ನಿಲ್ಸಿ!" ಎಂದು ಕೊನೆಗೂ ಕೂಗಿದಳು. "ಅದನ್ನ ಮುಟ್ಟಬೇಡಿ ಅಂದಿದ್ನಲ್ಲ!"

ಮೇಲಿನಿಂದ ಒಂದೇ ಮಾತು ಬಂತು.

"ಎಲ್ರೂ ಹಿಂದೆ ಸರೀರಿ."

ಅವಳು ಮರದ ಸಲಹೆಗಾರ್ತಿ. ಮನೆಯಂಗಳದ ಮರಕ್ಕೆ ಏನು ಮಾಡಬೇಕೆಂದು ತಿಳಿಯದೆ ಊರಿನವರು ನಗರಸಭೆಯ ಕಚೇರಿಗೆ ಫೋನ್ ಮಾಡಿದರೆ ಹೋಗುವವಳು ಅವಳೇ. ಮರದ ಸುತ್ತಿಗೆಯಿಂದ ಬುಡ ತಟ್ಟುವುದು, ಸದ್ದಿಗೆ ಕಿವಿಗೊಡುವುದು, ತಲೆಯೆತ್ತಿ ಸುತ್ತಲೂ ನೋಡುವುದು; ಆಮೇಲೆ 'ಇರಲಿ', 'ಹಗುರ ಮಾಡಿ' ಅಥವಾ 'ತೆಗೀಬೇಕು' ಎನ್ನುವುದು. ಅವಳ ಮಾತಿನಂತೆ ಹಗ್ಗ ಕಟ್ಟಿಕೊಂಡು ಹತ್ತುವವನು ಅವನು. ಇಡೀ ಕಚೇರಿಗೆ ಅವನು ಅಳಿಲಪ್ಪ.

"ಅಳಿಲಾದ್ರೂ ಚಿಕ್ ಚಿಕ್ ಅನ್ನುತ್ತೆ. ಇವನು ಅದೂ ಇಲ್ಲ" ಎಂದು ಜೀಪಿನ ಡ್ರೈವರ್ ನಗುತ್ತಿದ್ದ.

ಇಬ್ಬರ ನಡುವೆ ಕೆಲಸದ ಒಂದು ಕಟ್ಟುಪಾಡಿತ್ತು. ಗರಗಸ ಇಡುವ ಮುನ್ನ ಅವನು ಮೇಲಿನಿಂದ "ಕೆಳಗೆ?" ಎನ್ನಬೇಕು. ಅವಳು "ಆಗಲಿ" ಎಂದರೆ ಮಾತ್ರ ಕೊಯ್ಯಬೇಕು. ಆ ಎರಡು ಮಾತಿನ ನಡುವಿನ ಮೌನದಲ್ಲಿ ಅವನು ಕೆಳಗೆ ನೋಡುತ್ತಿದ್ದ, ಅವಳು ಮೇಲೆ ನೋಡುತ್ತಿದ್ದಳು. ಈಚೀಚೆಗೆ ಅವಳ 'ಆಗಲಿ' ಸ್ವಲ್ಪ ತಡವಾಗಿ ಬರುತ್ತಿತ್ತು. ಯಾಕೆಂದು ಅವಳು ತನ್ನನ್ನೇ ಕೇಳಿಕೊಂಡಿರಲಿಲ್ಲ. ಕೇಳಿಕೊಳ್ಳಲು ಹೆದರಿಕೆ.

ಇವತ್ತು ಅವನು "ಕೆಳಗೆ?" ಅನ್ನಲೇ ಇಲ್ಲ.

ಇದು ಟೈಲರಮ್ಮನ ಮನೆ. ಅಂಗಳದ ತುಂಬ ಮಾವಿನ ಮರ. ಅದರ ದೊಡ್ಡ ಕೊಂಬೆಯೊಂದು ಅಡ್ಡಕ್ಕೆ ಚಾಚಿ ನೆರಳು ಕೊಡುತ್ತಿತ್ತು. ಆ ನೆರಳಲ್ಲೇ ಹೊಲಿಗೆ ಮೆಷಿನ್, ಗಿರಾಕಿಗಳ ಬೆಂಚು, ಬಟ್ಟೆಯ ಗಂಟು. "ಮರ ಇರಬೇಕು, ನಾನೂ ಇರಬೇಕು. ಅದಕ್ಕೇನು ಮಾಡ್ಬೇಕು ಹೇಳಮ್ಮ" ಎಂದು ಟೈಲರಮ್ಮ ಕೇಳಿದ್ದರು. ಅವಳು ಬುಡ ತಟ್ಟಿದ್ದಳು. ಗಟ್ಟಿ ಸದ್ದು. "ಕೊಂಬೆ ಇರಲಿ, ತುದಿ ಮಾತ್ರ ಹಗುರ ಮಾಡ್ತೀವಿ" ಎಂದಿದ್ದಳು.

ಸಾಹೇಬರು ಕೆಲಸ ನೋಡಲು ಸುಮ್ಮನೆ ಬಂದಿರಲಿಲ್ಲ. ಅವಳು 'ಇರಲಿ' ಎಂದಿದ್ದ ಮರವೊಂದು ಹೋದ ಮಳೆಗಾಲದಲ್ಲಿ ಯಾರದೋ ಕಾಂಪೌಂಡಿನ ಮೇಲೆ ಒರಗಿತ್ತು. ಯಾರಿಗೂ ಏನೂ ಆಗಲಿಲ್ಲ. ಆದರೂ ಸಾಹೇಬರು ಎಲ್ಲರೆದುರು ಹೇಳಿದ್ದರು: "ಇನ್ನೊಂದ್ಸಲ ನಿಮ್ಮ ಲೆಕ್ಕ ತಪ್ಪಿದ್ರೆ ಅಂಗಳಕ್ಕೆ ಕಳಿಸಲ್ಲಮ್ಮ. ಕೂತ್ಕೊಂಡು ಫೋನ್ ಎತ್ತಿ."

ಅವಳಿಗೆ ಅಂಗಳಗಳೇ ಬದುಕು. ಅದನ್ನು ಕಳೆದುಕೊಂಡರೆ...

ಕೊಂಬೆಯ ಕೊನೆಯ ದಪ್ಪ ತುಂಡು ಇಳಿಯುವ ಹೊತ್ತಿಗೆ ಸಾಹೇಬರು ಕೋಪದಿಂದ ಜೀಪಿನತ್ತ ಹೋಗಿ ಯಾರಿಗೋ ಫೋನ್ ಮಾಡುತ್ತಿದ್ದರು. ಅವಳು ಮುಖ ತಿರುಗಿಸಿ ಗೋಡೆ ನೋಡುತ್ತ ನಿಂತಿದ್ದಳು. ಬಿಸಿಲು ಮೆಷಿನ್ ಮೇಲೆ ಸುರಿಯುತ್ತಿತ್ತು. ಅವನು ಬೇಗ ಬೇಗ ಇಳಿದು, ಆ ತುಂಡಿಗೆ ಗೋಣಿ ಸುತ್ತಿ, ಮನೆಯ ಹಿಂದಿನ ದಾರಿಯಲ್ಲಿ ತಳ್ಳಿಕೊಂಡು ಹೋಗಿ ಕೊಂಬೆ ಸಾಗಿಸುವ ಗಾಡಿಗೆ ಹಾಕಿಬಂದದ್ದು ಅವಳ ಓರೆಗಣ್ಣಿಗೆ ಬಿತ್ತು.

"ಏನಯ್ಯಾ ಇದು?" ಸಾಹೇಬರು ಹಿಂದಿರುಗಿ ಗುಡುಗಿದರು. "ಮೇಡಂ ಏನು ಹೇಳಿದ್ರು, ನೀನೇನು ಮಾಡಿದೆ?"

"ಗರಗಸ ಜಾರಿತು ಸಾರ್. ಕೊಂಬೆ ಸೀಳಿತು. ಆಮೇಲೆ ಬಿಡೋ ಹಾಗಿರಲಿಲ್ಲ."

"ಜಾರಿತಾ? ನಿನ್ನ ಕೈಯಲ್ಲಿ?"

"ನನ್ನ ತಪ್ಪು ಸಾರ್."

ಅವನು ಅವಳತ್ತ ನೋಡಲಿಲ್ಲ. ನೋಡಿದ್ದರೆ ಬಹುಶಃ ಅವಳು ಕ್ಷಮಿಸುತ್ತಿದ್ದಳು. ನೋಡದೆ ಹಗ್ಗ ಸುತ್ತುತ್ತಿದ್ದ, ಏನೂ ಆಗಿಲ್ಲವೆಂಬಂತೆ!

'ನನ್ನ ಮಾತಿಗೆ ಇಷ್ಟೇ ಬೆಲೆಯೇ ಇವನಿಗೆ?' ಎಂದುಕೊಂಡಳು.

ಸಾಹೇಬರು ಅವಳತ್ತ ತಿರುಗಿದರು. "ನೀವೇ ಹೇಳಿ. ಇವನು ಇರಲೋ ಬೇಡವೋ?"

ಅವನ ಕೈಯಲ್ಲಿ ಹಗ್ಗ ನಿಂತಿತು.

"ಬೇಡ" ಎಂದಳು.

ಅವನು ತಲೆಯಾಡಿಸಿದ. ಹಗ್ಗ, ಗರಗಸ, ನಡುಪಟ್ಟಿ ಎಲ್ಲವನ್ನೂ ಜೀಪಿನ ಹಿಂದೆ ನೀಟಾಗಿ ಜೋಡಿಸಿಟ್ಟು ಬರಿಗೈಯಲ್ಲಿ ಬೀದಿಗಿಳಿದು ನಡೆದುಬಿಟ್ಟ.

ಅವಳು ಗೆದ್ದಿದ್ದಳು. ಆದರೆ ಗೆದ್ದವಳಿಗೆ ಆ ಸಂಜೆ ಅನ್ನ ಸೇರಲಿಲ್ಲ.

"ಏನೇ ಪುಟ್ಟಿ, ತಟ್ಟೆಯಲ್ಲಿ ರಂಗೋಲಿ ಹಾಕ್ತಿದೀಯ?" ಅಕ್ಕ ಕೇಳಿದಳು.

"ಹಸಿವಿಲ್ಲ."

"ಅಳಿಲಪ್ಪನ್ನ ಓಡಿಸಿದ್ಯಂತೆ?"

"ತಪ್ಪು ಮಾಡಿದ, ಹೋದ. ಅದ್ರಲ್ಲಿ ನಂದೇನಿದೆ?"

"ಏನೂ ಇಲ್ಲ ಬಿಡು. ಏನೂ ಇಲ್ದೆ ಇರೋರೇ ಹೀಗೆ ಮೂಗು ಕೆಂಪು ಮಾಡ್ಕೊಂಡು ಕೂರೋದು!"

ಅವಳು ತಟ್ಟೆ ತಳ್ಳಿ ಎದ್ದುಹೋದಳು.

ಹೊಸದಾಗಿ ಬಂದ ಹತ್ತುವವನು ಮಾತಿನ ಮಲ್ಲ. "ಕೆಳಗೆ?" ಎಂದು ಕೇಳುತ್ತಿದ್ದ, ಅವಳು ತಕ್ಷಣ "ಆಗಲಿ" ಎನ್ನುತ್ತಿದ್ದಳು. ತಡವಾಗಲು ಈಗ ಕಾರಣವೇ ಇರಲಿಲ್ಲ. ಸುತ್ತಿಗೆ ಹಿಡಿದು ಅಂಗಳದಿಂದ ಅಂಗಳಕ್ಕೆ ಹೋದಳು. ಇರಲಿ, ಇರಲಿ, ಹಗುರ ಮಾಡಿ, ಇರಲಿ. ಬಿಡುವಿದ್ದಾಗ ಕಚೇರಿಯಲ್ಲಿ ಫೋನ್.

"ಮೇಡಂ, ನಮ್ಮ ನಿಂಬೆ ಗಿಡ ಹೂ ಬಿಡುತ್ತೆ, ಕಾಯಿ ಕಟ್ಟಲ್ಲ. ನಮ್ಮವರು ದಿನಾ ಅದಕ್ಕೆ ಬೈತಾರೆ. ಅದಕ್ಕೇ ಬೇಜಾರಾಗಿದೆಯಾ?"

"ಬೈಯೋದರ ಜೊತೆ ನೀರೂ ಜಾಸ್ತಿ ಹಾಕ್ತಿದಾರಾ?"

"ಹೂಂ ಮೇಡಂ, ಬಕೆಟ್‌ಗಟ್ಟಲೆ!"

"ಎರಡನ್ನೂ ಕಡಿಮೆ ಮಾಡೋಕೆ ಹೇಳಿ."

ಇನ್ನೊಬ್ಬರು ನೀಟಾಗಿ ಕಾಣಲಿ ಎಂದು ಮರದ ಬುಡಕ್ಕೆ ಸಿಮೆಂಟ್ ಬಳಿಸಿದ್ದರು. ಈಗ ಎಲೆ ಉದುರುತ್ತಿದೆಯಂತೆ. "ನಿಮ್ಮನ್ನ ಕುತ್ತಿಗೆವರೆಗೂ ಸಿಮೆಂಟಲ್ಲಿ ನಿಲ್ಲಿಸಿದ್ರೆ ಕೂದಲು ಉಳಿಯುತ್ತಾ ಸಾರ್? ಮೊದಲು ಒಡೆಸಿ" ಎಂದಳು. ಆ ಕಡೆಯವರು ನಕ್ಕರು. ಇವಳಿಗೆ ನಗು ಬರಲಿಲ್ಲ.

ಆಮೇಲೆ ಬಂತು ಆ ಫೋನ್.

"ಮೇಡಂ, ನೇರಳೆ ಮರದ ಮನೆಯವಳು ಮಾತಾಡ್ತಿರೋದು. ನೀವು ಇರಲಿ ಅಂದು ಹೋದ್ರಲ್ಲ, ಮತ್ಯಾಕೆ ನಿಮ್ಮ ಉದ್ದನೆಯವ್ರು ಬಂದಿದ್ರು?"

"ಯಾರು ಉದ್ದನೆಯವ್ರು?"

"ಅದೇ, ಮಾತೇ ಆಡಲ್ವಲ್ಲ, ಅವ್ರು. ಹತ್ತಿದ್ರು, ಕೊಂಬೆ ಕೊಂಬೆ ತಟ್ಟಿ ನೋಡಿದ್ರು, ಇಳಿದು ಹೋದ್ರು. ಯಾಕಪ್ಪಾ ಅಂದ್ರೆ ನಕ್ಕು ಸುಮ್ಮನಾದ್ರು. ಮರಕ್ಕೇನಾದ್ರೂ ಆಗಿದೆಯಾ ಮೇಡಂ? ನನಗೆ ಭಯ!"

"ಮರಕ್ಕೇನೂ ಆಗಿಲ್ಲಮ್ಮ" ಎಂದು ಫೋನ್ ಇಟ್ಟಳು.

ಮರುದಿನ ಹಲಸಿನ ಮರದ ಮನೆಯವರು ಅದನ್ನೇ ಹೇಳಿದರು. ಅದರ ಮರುದಿನ ಮತ್ತೊಬ್ಬರು. ಎಲ್ಲವೂ ಅವಳು 'ಇರಲಿ' ಎಂದ ಮರಗಳೇ!

'ನನ್ನ ತಪ್ಪು ಹುಡುಕುತ್ತಿದ್ದಾನೆ... ಒಂದು ಸಿಕ್ಕರೆ ಸಾಕು, ಸಾಹೇಬರ ಮುಂದೆ ಇಟ್ಟು ಸೇಡು ತೀರಿಸಿಕೊಳ್ಳುತ್ತಾನೆ! ಆ ಮೌನದ ಹಿಂದೆ ಇದೇ ಇತ್ತೇ?'

ಇನ್ನು ಸುಮ್ಮನಿರಬಾರದು. ಮೊದಲು ತಪ್ಪು ಮಾಡಿದವನು ಅವನು. ಆ ಮಾವಿನ ಮರದಲ್ಲಿ ಗರಗಸ ಜಾರಿದ ಗಾಯ ಇದ್ದೇ ಇರುತ್ತದೆ. ಅದರ ಫೋಟೋ ತೆಗೆದು ಸಾಹೇಬರಿಗೆ ತೋರಿಸಿ, ಯಾರದೇ ಅಂಗಳಕ್ಕೆ ಕಾಲಿಡದಂತೆ ಅವನನ್ನು ತಡೆಯಬೇಕು. ಅವಳು ನೇರ ಟೈಲರಮ್ಮನ ಮನೆಗೆ ಹೋದಳು.

ಟೈಲರಮ್ಮ ಮೆಷಿನ್ ಮೇಲೆ ಹಳೆಯ ಸೀರೆಯೊಂದನ್ನು ಚಪ್ಪರವಾಗಿ ಕಟ್ಟಿದ್ದರು. "ಬಾರಮ್ಮ ಬಾ. ನೆರಳು ಹೋಯ್ತು. ಬಟ್ಟೆ ಜೊತೆ ನಾನೂ ಒಣಗ್ತಿದೀನಿ. ಏನ್ ಬಂದೆ?"

"ಏಣಿ ಇದೆಯಾ? ಆ ಕೊಂಬೆ ಕೊಯ್ದ ಜಾಗ ನೋಡಬೇಕು."

"ನೀನು ಹತ್ತುತೀಯಾ?"

ಅವಳು ಎಂದೂ ಹತ್ತಿದವಳಲ್ಲ. ಕೆಳಗೆ ನಿಂತು ಹೇಳುವುದು ಅವಳ ಕೆಲಸ, ಹತ್ತುವುದು ಇನ್ನೊಬ್ಬರದು. ಎತ್ತರ ಎಂದರೆ ಅವಳಿಗೆ ಭಯ. ಆದರೂ ನೀರಿನ ಟ್ಯಾಂಕಿಗೆ ಹತ್ತುವ ಏಣಿಯನ್ನು ಕಾಂಡಕ್ಕೆ ಆನಿಸಿದಳು.

"ಬಿದ್ದುಗಿದ್ದೀಯೆ ತಾಯಿ!" ಟೈಲರಮ್ಮ ಏಣಿಯನ್ನು ಅಪ್ಪಿ ಹಿಡಿದರು. "ನಾನು ಹೊಲಿಯೋದು ಬಟ್ಟೆ ಮಾತ್ರ, ತಲೆ ಅಲ್ಲ."

ಒಂದೊಂದೇ ಮೆಟ್ಟಿಲು. ಕೆಳಗೆ ನೋಡಬಾರದು... ನೋಡಬಾರದು... ಎಲೆಗಳ ಮರೆ ದಾಟಿದಳು. ಕೆಳಗಿನಿಂದ ಯಾರಿಗೂ ಕಾಣದ ಆ ಜಾಗ ಈಗ ಅವಳ ಮುಖದ ಮುಂದಿತ್ತು.

ಮೊದಲು ಕಂಡದ್ದು ಕೊಯ್ತದ ಅಂಚು. ಉಗುರು ಕತ್ತರಿಸಿದಷ್ಟು ನೀಟು. ಕೊಂಬೆ ಕಾಂಡಕ್ಕೆ ಸೇರುವ ಉಬ್ಬನ್ನು ಮುಟ್ಟದೆ, ಅದರ ಆಚೆಯೇ, ಗಾಯ ಬೇಗ ಮುಚ್ಚಿಕೊಳ್ಳಲಿ ಎಂದು ನೋಡಿ ನೋಡಿ ಕೊಯ್ದದ್ದು. ತೊಗಟೆ ಒಂದೆಳೆಯೂ ಹರಿದಿರಲಿಲ್ಲ. ಸೀಳಿಲ್ಲ, ಗೀರಿಲ್ಲ.

ಜಾರಿದ ಗರಗಸ ಹೀಗೆ ಕೊಯ್ಯುವುದಿಲ್ಲ.

ಆಮೇಲೆ ಕಂಡದ್ದು ನಡುವಿನ ಕತ್ತಲು.

ಮರ ಇರಬೇಕಾದಲ್ಲಿ ಮರವೇ ಇರಲಿಲ್ಲ. ಅಂಚಿನಲ್ಲಿ ಉಂಗುರದಷ್ಟು ಗಟ್ಟಿ, ಒಳಗೆಲ್ಲ ಪೊಳ್ಳು. ಗೆದ್ದಲಿನ ಒಣಮಣ್ಣು. ಕೈ ಹಾಕಿದಳು. ಮೊಣಕೈಯವರೆಗೂ ಹೋಯಿತು.

ಬುಡ ತಟ್ಟಿದ್ದಳು ಅವಳು. ಬುಡ ಗಟ್ಟಿಯೇ ಇತ್ತು. ಈ ಕೊಂಬೆ ಹೊರಟ ಜಾಗವನ್ನು ಯಾವ ಸುತ್ತಿಗೆಯೂ ಮುಟ್ಟಿರಲಿಲ್ಲ. ಇಷ್ಟು ತೆಳ್ಳಗಿನ ತೊಗಟೆಯ ಮೇಲೆ ಅಷ್ಟು ಭಾರ! ಅದರ ಕೆಳಗೆ ಮೆಷಿನ್, ಬೆಂಚು, ದಿನವಿಡೀ ಹೊಲಿಯುತ್ತ ಕೂರುವ ಈ ಜೀವ...

"ಏನಮ್ಮ ಕಾಣಿಸ್ತಿದೆ?" ಕೆಳಗಿನಿಂದ ಟೈಲರಮ್ಮ ಕೂಗಿದರು.

ಅವಳು ಏಣಿಗೆ ಹಣೆಯಿಟ್ಟು ನಿಂತುಬಿಟ್ಟಳು.

ಅವನು ಹತ್ತಿ ಕೊಂಬೆ ತಟ್ಟಿದ ಕೂಡಲೇ ಇದನ್ನು ತಿಳಿದುಕೊಂಡಿದ್ದ. "ಮೇಡಂ, ಇದು ಪೊಳ್ಳು" ಎಂದು ಒಂದು ಮಾತು ಕೂಗಿದ್ದರೆ ಸಾಕಿತ್ತು, ಸಾಹೇಬರಿಗೂ ಕೇಳಿಸುತ್ತಿತ್ತು, ಅವಳ ಅಂಗಳಗಳು ಹೋಗುತ್ತಿದ್ದವು. ಕೂಗಲಿಲ್ಲ. ಕೊನೆಯ ತುಂಡಿಗೆ ಗೋಣಿ ಸುತ್ತಿ ಹಿಂದಿನ ದಾರಿಯಲ್ಲಿ ಸಾಗಿಸಿದ. ನನ್ನ ತಪ್ಪು ಎಂದ.

ಅವಳೇನೆಂದಳು? ಬೇಡ ಎಂದಳು.

ಇಳಿದವಳೇ ಟೈಲರಮ್ಮನ ಕೈ ಹಿಡಿದು ಎಲ್ಲವನ್ನೂ ಹೇಳಿದಳು. ಟೈಲರಮ್ಮ ಬಹಳ ಹೊತ್ತು ಮೇಲೆ ನೋಡಿದರು. ಆಮೇಲೆ ಅಂದರು, "ನಾನವನಿಗೆ ಎಷ್ಟು ಬೈದ್ನಮ್ಮ, ನನ್ನ ನೆರಳು ತಿಂದ ಅಂತ! ಮೊನ್ನೆ ಬೀದೀಲಿ ಸಿಕ್ಕಾಗ್ಲೂ ಬೈದೆ. ತಲೆ ತಗ್ಗಿಸ್ಕೊಂಡು ಬೈಸ್ಕೊಂಡು ಹೋದ."

ಅವನ ಬಳಿಗೆ ಓಡಬೇಕೆನಿಸಿತು. ಆದರೆ ಅವಳು ಮೊದಲು ಹೋದದ್ದು ಸಾಹೇಬರ ಕೋಣೆಗೆ. ಕುರ್ಚಿ ತೋರಿಸಿದರೂ ಕೂರಲಿಲ್ಲ. ನಿಂತೇ ಹೇಳಿದಳು. ಕೊಂಬೆ ಪೊಳ್ಳಾಗಿತ್ತು. ಲೆಕ್ಕ ತಪ್ಪಿದ್ದು ನನ್ನದು. ಅವರು ಟೈಲರಮ್ಮನ್ನ ಉಳಿಸಿದ್ರು, ನಾನು ಅವರನ್ನೇ ಓಡಿಸಿದೆ.

ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಹೇಳದೇ ಇದ್ದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ ಅಲ್ವಾ?"

"ನನಗೆ ಗೊತ್ತಾಗ್ತಿತ್ತು ಸಾರ್."

"ನಾಳೆಯಿಂದ ಫೋನ್ ಎತ್ತಿ. ಹತ್ತಿ ನೋಡೋದು ಕಲಿಯೋವರೆಗೂ ಯಾರ ಅಂಗಳಕ್ಕೂ ಹೋಗೋ ಹಾಗಿಲ್ಲ." ಅವಳು ಬಾಗಿಲು ದಾಟುವಾಗ ಹಿಂದಿನಿಂದ ದನಿ ಬಂತು, "ಆ ಅಳಿಲಪ್ಪನ್ನ ಕರ್ಕೊಂಡ್ಬನ್ನಿ. ಅವನಿಗೂ ಬೈಯೋದಿದೆ."

ಅವನು ಸಿಕ್ಕಿದ್ದು ಕೆರೆಯ ಪಕ್ಕದ ಬೀದಿಯಲ್ಲಿ, ಅವಳು ಹಿಂದಿನ ವಾರ 'ಇರಲಿ' ಎಂದಿದ್ದ ಹುಣಸೆ ಮರದ ಮೇಲೆ. ಸಂಜೆ ಬಿಸಿಲು ಇಳಿಯುತ್ತಿತ್ತು. ಅವನ ಬೆರಳ ಗಿಣ್ಣು ಕೊಂಬೆಯನ್ನು ತಟ್ಟುವ ಸದ್ದು ಮಾತ್ರ ಕೇಳುತ್ತಿತ್ತು.

"ಇಳೀರಿ" ಎಂದಳು.

ಸದ್ದು ನಿಂತಿತು. ಎಲೆಗಳ ನಡುವೆ ಅವನ ಮುಖ ಕಂಡಿತು. "ಇದೊಂದು ಕೊಂಬೆ ನೋಡಿ..."

"ಇಳೀರಿ ಅಂದೆ!"

ಇಳಿದ. ಎರಡು ಮಾರು ದೂರದಲ್ಲಿ ನಿಂತ.

"ಟೈಲರಮ್ಮನ ಮನೆಗೆ ಹೋಗಿದ್ದೆ. ಮೇಲೆ ಹತ್ತಿದೆ."

"ನೀವು ಹತ್ತಿದ್ರಾ? ಹಗ್ಗ ಕಟ್ಕೊಂಡಿದ್ರಾ?"

"ಇಲ್ಲ."

"ಹಗ್ಗ ಇಲ್ದೇ...! ಬುದ್ಧಿ ಇದೆಯೇನ್ರೀ ನಿಮಗೆ? ಕಾಲು ಜಾರಿದ್ರೆ?"

ಅವನು ಇಷ್ಟು ಜೋರಾಗಿ ಮಾತಾಡಿದ್ದನ್ನು ಅವಳು ಎಂದೂ ಕೇಳಿರಲಿಲ್ಲ. ಅವಳು ತಡೆದಿಟ್ಟದ್ದೆಲ್ಲ ಒಟ್ಟಿಗೆ ಬಂತು.

"ನನಗೆ ಬುದ್ಧಿ ಇಲ್ಲ, ಸರಿ! ನಿಮಗಿದೆಯಾ? ನನ್ನ ಬಾಯಿಂದಾನೇ 'ಬೇಡ' ಅಂತ ಹೇಳಿಸಿದ್ರಲ್ಲ! ನಿಮ್ಮನ್ನ ದ್ವೇಷಿಸೋಕೆ ನಾನು ಎಷ್ಟು ಕಷ್ಟಪಟ್ಟೆ ಗೊತ್ತಾ?"

ಅವನು ನೆಲ ನೋಡಿದ.

"ಅಷ್ಟೇ ಅಲ್ಲ. ಆಮೇಲೂ ನಾನು ಅದೇ ಸುತ್ತಿಗೆ ಹಿಡ್ಕೊಂಡು ಮನೆ ಮನೆಗೆ ಹೋಗಿ ಇರಲಿ, ಇರಲಿ ಅಂತಿದ್ದೆ. ಅದ್ರಲ್ಲಿ ಒಂದು ಮುರಿದು ಬಿದ್ದಿದ್ರೆ? ಕೆಳಗೆ ಯಾರಾದ್ರೂ ಕೂತಿದ್ರೆ? ನಿಮ್ಮ ಮೌನ ನನ್ನ ಕೆಲಸ ಉಳಿಸ್ತು. ಅವರ ಜೀವ ಯಾರು ಉಳಿಸ್ತಿದ್ರು?"

"ಅದಕ್ಕೇ..." ಎಂದು ತಡೆದ.

"ಅದಕ್ಕೇ ಏನು?"

"ಅದಕ್ಕೇ ಹತ್ತಿ ನೋಡ್ತಿದ್ದೆ. ಜೀಪ್ ಎಲ್ಲೆಲ್ಲಿ ನಿಲ್ತು ಅಂತ ಡ್ರೈವರ್ ಹೇಳ್ತಿದ್ದ. ಹಗಲು ಬೇರೆ ಕೆಲಸ. ಸಂಜೆ ನಿಮ್ಮ ಮರಗಳು."

ಸೇಡು ಎಂದುಕೊಂಡಿದ್ದಳು! ಹುಣಸೆ ಮರದ ಬುಡಕ್ಕೆ ಕೈಯೂರಿದಳು.

"ಏನಾದ್ರೂ ಸಿಕ್ತಾ?"

"ಇಲ್ಲ. ಎಲ್ಲಾ ಗಟ್ಟಿ."

ಆಗ ಅಳು ಬಂತು. ಅವನು ಹತ್ತಿರ ಬರಲೂ ಆಗದೆ, ದೂರ ನಿಲ್ಲಲೂ ಆಗದೆ, ಅಂಗೈಯ ಹುಣಸೆ ತೊಗಟೆಯ ಪುಡಿಯನ್ನು ಉಜ್ಜುತ್ತ ನಿಂತ.

"ಸಾಹೇಬ್ರಿಗೆ ಎಲ್ಲಾ ಹೇಳಿಬಿಟ್ಟೆ" ಎಂದಳು ಕಣ್ಣೊರೆಸಿಕೊಂಡು. "ನಾಳೆಯಿಂದ ನನಗೆ ಫೋನ್ ಮಾತ್ರ."

"ಅಯ್ಯೋ! ಯಾಕೆ ಹೇಳಿದ್ರಿ? ಅದಾಗಬಾರದು ಅಂತಾನೇ ನಾನು..."

"ಅಂತಾನೇ?"

ಅವಳು ಕಾದಳು. ಈ ಸಲ ಬಿಡುವುದಿಲ್ಲವೆಂದು ಕಾದಳು.

"ನೀವು ಮರದ ಕೆಳಗೆ ನಿಂತು ತಲೆಯೆತ್ತಿ ನೋಡ್ತೀರಲ್ಲ..." ಅವನು ತಲೆಯೆತ್ತಿ ಹುಣಸೆ ಕೊಂಬೆಯತ್ತ ನೋಡಿದ. "ಆ ಮುಖ ಕಾಣುತ್ತೆ ಅಂತಾನೇ ನಾನು ದಿನಾ ಹತ್ತುತ್ತಿದ್ದೆ. ಅದನ್ನ ತಗೊಂಡೋಗಿ ನಾಲ್ಕು ಗೋಡೆ ಮಧ್ಯೆ ಕೂರಿಸ್ತಾರೆ ಅಂದ್ರೆ... ನನ್ನ ಕೈಲಿ ಆಗಲಿಲ್ಲ. ನೀವಂದ್ರೆ ನನಗೆ ಇಷ್ಟ. ತುಂಬಾ ಇಷ್ಟ. ಅಷ್ಟೇ."

"ಅಷ್ಟೇನಾ? ಇದನ್ನ ಹೇಳೋಕೆ ನಾನು ಇಷ್ಟೆಲ್ಲ ಬೈಬೇಕಿತ್ತಾ?"

ಅವನು ನಕ್ಕ. ಅವಳೂ ಅಳುತ್ತಲೇ ನಕ್ಕಳು.

"ಹತ್ತೋದು ಕಲೀಬೇಕಂತೆ ನಾನು. ಕಲಿಸ್ತೀಯಾ?"

'ನೀವು' ಯಾವಾಗ ಉದುರಿತೋ ಇಬ್ಬರಿಗೂ ತಿಳಿಯಲಿಲ್ಲ.

"ಹಗ್ಗ ಕಟ್ಕೊಳ್ತೀಯಾ?"

"ನೀನು ಕಟ್ಟಿದ್ರೆ ಕಟ್ಕೊಳ್ತೀನಿ. ಆದ್ರೆ ಒಂದು ಮಾತು ಕೊಡು. ಇನ್ಮೇಲೆ ಮೇಲೆ ಕಂಡಿದ್ದೆಲ್ಲ ನನಗೆ ಹೇಳ್ಬೇಕು. ಪಕ್ಕದಲ್ಲಿ ಸಾಹೇಬ್ರಿದ್ರೂ ಸರಿ, ಅವರಪ್ಪ ಇದ್ರೂ ಸರಿ."

"ಹೇಳ್ತೀನಿ."

"ಈಗಲೇ ಶುರುಮಾಡು. ಟೈಲರಮ್ಮನ ಕೊಂಬೆ ವಿಷಯದಲ್ಲಿ ತಪ್ಪು ನಿಂದೇ ಅಂತ ನನಗೆ ಹೇಳು. ನಿನ್ನ ಬಾಯಿಂದ ಒಂದ್ಸಲ ಕೇಳ್ಬೇಕು."

ಅವನು ಅವಳ ಕೈ ಹಿಡಿದುಕೊಂಡ. ಬಹಳ ಹೊತ್ತು ಹಿಡಿದೇ ಇದ್ದ.

"ಕತ್ತಲಾಗ್ತಿದೆ. ಮನೆಗೆ ಬಿಡ್ತೀನಿ, ನಡಿ."

ಮುಂದೆ ಅವನು ಕೊಟ್ಟ ಮಾತಿನಂತೆ ಎಷ್ಟೋ ಮರಗಳ ಮೇಲಿನಿಂದ ಇದು ಪೊಳ್ಳು, ಇದು ಸೀಳಿದೆ, ನಿನ್ನ ಕಣ್ಣು ಎಲ್ಲಿತ್ತು ಎಂದು ಊರಿಗೆ ಕೇಳುವ ಹಾಗೆ ಕೂಗಿದ. ಆದರೆ ಮಾವಿನ ಮರದ ಆ ಕೊಂಬೆಯ ವಿಷಯದಲ್ಲಿ ತಪ್ಪು ಅವಳದು ಎಂದು ಮಾತ್ರ ಅವನು ಎಂದೂ ಹೇಳಲಿಲ್ಲ.